ಒದ್ದೆ ಗೋಣಿಯ ಸಿಲಿಂಡರು

ಕೊಡಿಗೇನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವನು ಗೋಲಿ ಸೋಡಾ ಮಾಡುತ್ತಿದ್ದ. ರಕ್ತಸಂಬಂಧವೇನೂ ಇರಲಿಲ್ಲ, ಆದರೂ ನಾನು ಅವನನ್ನು ಮಾವ ಎಂದೇ ಕರೆಯುತ್ತಿದ್ದೆ. ಅಂಗಡಿಯ ಗ್ಯಾಸ್ ಸಿಲಿಂಡರಿಗೆ ಸದಾ ಒದ್ದೆ ಗೋಣಿಚೀಲ ಸುತ್ತಿರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಆ ಗೋಣಿಗೆ ಒಂದು ಚೊಂಬು ನೀರು ಹುಯ್ಯುತ್ತಿದ್ದ. ಊದುಬತ್ತಿ ಹಚ್ಚುವುದು ಆಮೇಲೆ.

"ಏನ್ ಮಾವ, ಸಿಲಿಂಡರಿಗೆ ಅಭಿಷೇಕನಾ?"

"ನಮ್ಮಪ್ಪ ಹೇಳ್ಕೊಟ್ಟಿದ್ದು ಕಣ್ಲಾ. ಯಾಕೆ ಅಂತ ಅವ್ನೂ ಹೇಳ್ಳಿಲ್ಲ, ನಾನೂ ಕೇಳ್ಳಿಲ್ಲ."

ಮಾವನಿಗೆ ಇದ್ದದ್ದು ಬಲಗಣ್ಣೊಂದೇ. ಎಡಗಣ್ಣು ಬಹಳ ವರ್ಷಗಳ ಹಿಂದೆ ಬಾಟಲಿಯೊಂದು ಸಿಡಿದಾಗ ಹೋಗಿತ್ತು. ಅಂದಿನಿಂದ ಬಾಟಲಿಗೆ ಗ್ಯಾಸ್ ತುಂಬುವ ಯಂತ್ರದ ಹಿಡಿ ತಿರುಗಿಸುವಾಗಲೆಲ್ಲ ಮುಖಕ್ಕೆ ತಂತಿಬಲೆ ಕಟ್ಟಿಕೊಳ್ಳುತ್ತಿದ್ದ. ಯಾರಾದರೂ ನಕ್ಕರೆ, "ಇನ್ನೊಂದು ತರಾಕೆ ಯಾವ ಸಂತೆಗೆ ಓಗ್ಲಿ?" ಎನ್ನುತ್ತಿದ್ದ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ಕೆಲಸ ಸಿಕ್ಕಿರಲಿಲ್ಲ. ಹಗಲೆಲ್ಲ ಅಂಗಡಿಯ ಬೆಂಚಿನ ಮೇಲೆ ಕುಳಿತು, ಗೋಲಿಯನ್ನು ಬಾಟಲಿಯ ಕುತ್ತಿಗೆಗೆ ಒತ್ತಿ ಹಿಡಿಯುವುದು ಒಳಗಿನ ಗ್ಯಾಸೇ ಎಂದೋ, ಬಿಸಿಲಿಗಿಟ್ಟ ಸೋಡಾ ಯಾಕೆ ಹೆಚ್ಚು ಉಕ್ಕುತ್ತದೆ ಎಂದೋ ವಿವರಿಸುತ್ತಿದ್ದೆ. ಮಾವ ಕೇಳಿಸಿಕೊಳ್ಳುತ್ತಿದ್ದ. "ನಿನ್ ಕೆಮಿಸ್ಟ್ರಿಗೆ ಬಾಯಾರಿಕೆ ಆದ್ರೂ ನಮ್ಮಂಗ್ಡಿಗೇ ಬರ್ಬೇಕು" ಎಂದು ನಗುತ್ತಿದ್ದ.

ಆ ದಿನ ಹಿಂದಿನ ಬೀದಿಯ ಮದುವೆ ಮನೆಗೆ ಸಂಜೆಯೊಳಗೆ ಸೋಡಾ ಕೊಡಬೇಕಿತ್ತು. ಹೊಸ ಸಿಲಿಂಡರು ಬೆಳಗಿನ ಬಸ್ಸಿನ ಮೇಲೆ ಬಂದಿತ್ತು. ಹತ್ತಿಪ್ಪತ್ತು ಬಾಟಲಿ ತುಂಬುವಷ್ಟರಲ್ಲಿ ಗ್ಯಾಸ್ ನಿಂತುಹೋಯಿತು. ಸಿಲಿಂಡರಿನ ಬಾಯಲ್ಲಿ ಬಿಳಿ ಹಿಮ ಕಟ್ಟಿತ್ತು.

ಮಾವ ಸಿಲಿಂಡರನ್ನು ವಾಲಿಸಿ ನೋಡಿದ. "ಬರ್ತಿಲ್ವಲ್ಲೋ. ಆದ್ರೆ ತೂಕ ಐತೆ. ಖಾಲಿ ಆಗಿದ್ರೆ ಇಷ್ಟು ಭಾರ ಇರ್ತಿತ್ತಾ?"

"ಅದು ಕಬ್ಬಿಣದ ತೂಕ ಮಾವ. ಒಳಗೆ ಉಳಿದಿರೋ ಗ್ಯಾಸು ತಣ್ಣಗಾಗೈತೆ. ತಣ್ಣಗಾದ್ರೆ ಒತ್ತಡ ಇಳೀತದೆ, ಬಿಸಿ ಮಾಡಿದ್ರೆ ಏರ್ತದೆ. ಮೊದ್ಲು ಈ ಗೋಣಿ ತೆಗಿ."

"ಸಿಡಿಯಾಕಿಲ್ವಾ?"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇಪ್ಪತ್ತೇಳು ಡಿಗ್ರಿ ಎಂದರೆ ಮುನ್ನೂರು ಕೆಲ್ವಿನ್. ಅರವತ್ತಕ್ಕೆ ಏರಿಸಿದರೆ ಮುನ್ನೂರ ಮೂವತ್ತಮೂರು. "ಒಂಬತ್ತರಲ್ಲಿ ಒಂದು ಪಾಲು ಜಾಸ್ತಿ ಆಗ್ತದೆ, ಅಷ್ಟೇ" ಎಂದೆ. ಆ ಮಾತು ಇಂದಿಗೂ ನನ್ನದೇ ದನಿಯಲ್ಲಿ ನನಗೆ ಕೇಳಿಸುತ್ತದೆ.

ಮಾವ ಗೋಣಿ ತೆಗೆದು, ಸಿಲಿಂಡರಿನ ಬಾಯಿಯ ತಿರುಪನ್ನು ಬಿಗಿಯಾಗಿ ಮುಚ್ಚಿ, ಕೊಳವೆ ಬಿಚ್ಚಿದ. ಇಬ್ಬರೂ ಸಿಲಿಂಡರನ್ನು ಉರುಳಿಸಿಕೊಂಡು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ಮಲಗಿಸಿದೆವು. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದಿತ್ತು. ಮಾವನ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವಳು, ಸೌಟು ಹಿಡಿದೇ ಹೊರಗೆ ಬಂದಳು. "ನಿಮ್ಮಪ್ಪನ ಕಾಲದಿಂದ ಇದ್ನ ಬಿಸ್ಲಿಗೆ ಇಟ್ಟಿಲ್ಲ. ಇಬ್ರಿಗೂ ಬುದ್ಧಿ ಕೆಟ್ಟೈತಾ?"

"ಡಿಗ್ರಿ ಓದವ್ನೆ, ಸುಮ್ಕಿರೆ" ಎಂದ ಮಾವ.

ಬಚ್ಚಲ ಹಂಡೆಯಿಂದ ನಾಲ್ಕು ಬಕೆಟ್ ಬಿಸಿನೀರು ತಂದು ಸಿಲಿಂಡರಿನ ಮೇಲೆ ಸುರಿದವನು ನಾನೇ. ಐದನೆಯದಕ್ಕೆ ಒಳಗೆ ಹೋದೆ. ಮಾವ ಹಿಮ ಕರಗಿತೇ ಎಂದು ಬಗ್ಗಿ ನೋಡುತ್ತಿದ್ದ. ಯಂತ್ರ ತಿರುಗಿಸುತ್ತಿರಲಿಲ್ಲವಲ್ಲ, ಮುಖಕ್ಕೆ ಬಲೆ ಇರಲಿಲ್ಲ.

ಸದ್ದು ಕೇಳಿಸಿತು ಎಂದು ಹೇಳಲಾರೆ. ಕಿವಿ ಮುಚ್ಚಿಹೋಯಿತು. ಬಾಗಿಲಿಗೆ ಬಂದರೆ ಹಿತ್ತಲೆಲ್ಲ ಬಿಳಿ ಹೊಗೆ. ಅದರೊಳಗೆ ಸಿಲಿಂಡರು ತಾನೇ ತಾನಾಗಿ ಚಪ್ಪಡಿಯ ಮೇಲೆ ಜಾರಿ, ತಣ್ಣಗಿರಲೆಂದು ತುಂಬಿದ ಬಾಟಲಿಗಳನ್ನು ಇಟ್ಟಿದ್ದ ಕಲ್ಲುತೊಟ್ಟಿಗೆ ಬಡಿಯಿತು. ಬಾಟಲಿಗಳು ಒಂದರ ಹಿಂದೊಂದು ಒಡೆದವು. ಹೊಗೆ ತಿಳಿಯಾದಾಗ ಮಾವ ನೆಲದ ಮೇಲೆ ಕುಳಿತಿದ್ದ. ಎರಡೂ ಅಂಗೈ ಬಲಗಣ್ಣಿನ ಮೇಲಿದ್ದವು. ಬೆರಳ ಸಂದಿಯಲ್ಲಿ ರಕ್ತ. ಸುತ್ತ ಹಸಿರು ಗೋಲಿಗಳು ಇನ್ನೂ ಉರುಳುತ್ತಿದ್ದವು.

"ಲೇ, ಇದೀಯೇನ್ಲಾ? ನಂಗೆ ಕಾಣಾಕಿಲ್ಲ ಕಣ್ಲಾ."

ಮಾವನನ್ನು ಬಸ್ಸಿಗೆ ಹತ್ತಿಸಿದೆವು; ಮಧುಗಿರಿಯ ಆಸ್ಪತ್ರೆಯವರೆಗೆ ಡ್ರೈವರು ಎಲ್ಲೂ ನಿಲ್ಲಿಸಲಿಲ್ಲ. ಅತ್ತೆ ಸೆರಗನ್ನು ಮಡಿಸಿ ಅವನ ಮುಖಕ್ಕೆ ಒತ್ತಿ ಹಿಡಿದಿದ್ದಳು. ಡಾಕ್ಟರು ಹುಬ್ಬಿನಿಂದ, ರೆಪ್ಪೆಯಿಂದ ಗಾಜಿನ ಚೂರು ತೆಗೆದು ಪಟ್ಟಿ ಕಟ್ಟಿದರು. ಕಣ್ಣು ಉಳಿಯಿತೇ ಎಂದು ಕೇಳಿದ್ದಕ್ಕೆ, ನಾಲ್ಕನೆಯ ದಿನ ಬಿಚ್ಚಿ ನೋಡಬೇಕು ಎಂದರು.

ಆ ದಿನಗಳನ್ನು ನಾನು ಆಸ್ಪತ್ರೆಯ ಜಗಲಿಯಲ್ಲಿ ಕಳೆದೆ. ಎದುರಿಗೆ ಬೆಟ್ಟದ ಬೋಳು ಬಂಡೆ. ಲೆಕ್ಕವನ್ನು ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲವೂ ಸರಿಯಾಗೇ ಬರುತ್ತಿತ್ತು. ಎರಡನೆಯ ದಿನ ಮಾವನ ಮಾತು ನೆನಪಾಯಿತು: ತೂಕ ಐತೆ. ಆ ಸಿಲಿಂಡರು ತುಂಬಿತ್ತು. ಹಿಮ ಕಟ್ಟಿ ಬಾಯಿ ಮುಚ್ಚಿತ್ತು, ಅಷ್ಟೇ. ಮತ್ತು ಒಳಗಿದ್ದುದರಲ್ಲಿ ಹೆಚ್ಚಿನದು ಗ್ಯಾಸೇ ಅಲ್ಲ, ಒತ್ತಿ ದ್ರವ ಮಾಡಿದ್ದು. ಬಿಸಿಯಾದಾಗ ಆ ದ್ರವ ಹಿಗ್ಗಿ ಸಿಲಿಂಡರನ್ನೆಲ್ಲ ತುಂಬಿಕೊಂಡರೆ ಮುಂದೆ ಹಿಗ್ಗಲು ಜಾಗವೇ ಇರುವುದಿಲ್ಲ. ಆಮೇಲೆ ಒಂದೊಂದು ಡಿಗ್ರಿಗೂ ಒತ್ತಡ ಜಿಗಿಯುತ್ತದೆ. ನಾನು ಕಲಿತ ನಿಯಮ ಅನಿಲಕ್ಕೆ ಮಾತ್ರ. ಒತ್ತಡ ಮಿತಿಮೀರಿದರೆ ಒಡೆಯಲೆಂದೇ ಬಾಯಲ್ಲಿಟ್ಟಿದ್ದ ತೆಳು ಲೋಹದ ಬಿಲ್ಲೆ ಒಡೆದು ದಾರಿ ಬಿಟ್ಟಿತು, ಇಲ್ಲದಿದ್ದರೆ ಉಕ್ಕೇ ಸೀಳುತ್ತಿತ್ತು. ಈಗಲೂ ನಿದ್ದೆ ಹತ್ತುವ ಮೊದಲು ನಾನು ಆ ಐದನೆಯ ಬಕೆಟ್ಟಿಗೆ ಒಳಗೆ ಹೋಗುತ್ತಿರುತ್ತೇನೆ.

ನಾಲ್ಕನೆಯ ದಿನ ಪಟ್ಟಿ ಬಿಚ್ಚುವಾಗ ಅತ್ತೆ ಹತ್ತಿರ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಾವನ ರೆಪ್ಪೆ ಊದಿತ್ತು, ನೀರು ಸುರಿಯುತ್ತಿತ್ತು. ತಲೆ ಅತ್ತ ಇತ್ತ ತಿರುಗಿಸಿದ. ಆಮೇಲೆ ನನ್ನ ಕಡೆ ನೋಡಿ, "ಇದ್ಯಾಕ್ಲಾ, ಗಡ್ಡ ಬುಟ್ಬುಟ್ಟಿದ್ದೀಯಾ?" ಎಂದ.

ನಾನು ಅವನ ಮಂಚದ ಅಂಚಿಗೆ ಕುಳಿತು ಗಡ್ಡ ಮುಟ್ಟಿ ನೋಡಿಕೊಂಡೆ.

ಊರಿಗೆ ಬಂದ ಮೇಲೆ, ಒದ್ದೆ ಗೋಣಿ ಯಾಕೆ, ಅದು ಒಳಗಿನ ದ್ರವವನ್ನು ಬಿಸಿಯಾಗಲು ಬಿಡುವುದಿಲ್ಲ ಎಂದು ಅವನಿಗೆ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಪೂರ್ತಿ ಕೇಳಿದ. "ನಮ್ಮಪ್ಪಂಗೆ ಇದ್ಯಾವ್ದೂ ಗೊತ್ತಿರ್ಲಿಲ್ಲ ಬುಡು" ಎಂದ. ಬೇರೆ ಸಿಲಿಂಡರು ಬಂದ ದಿನ ಅದಕ್ಕೆ ತಾನೇ ಗೋಣಿ ಸುತ್ತಿ, ಚೊಂಬನ್ನು ನನ್ನ ಕೈಗೆ ಕೊಟ್ಟ.

"ಉಯ್ಯಿ."

ಹುಯ್ದೆ. ಅರ್ಧ ನೀರು ನೆಲಕ್ಕೆ ಹೋಯಿತು. ಮಾವ ತಂತಿಬಲೆ ಕಟ್ಟಿಕೊಳ್ಳುತ್ತ ಗೋಣಿಯನ್ನು ಮುಟ್ಟಿ ನೋಡಿದ.

"ಕೆಳಗಡೆ ಒಣಗೈತೆ. ಇನ್ನೊಂದು ಚೊಂಬು ತಾ" ಎಂದ.