ಓರೆ ಬಾಗಿಲು

ನಾನು ಬೀಗ ಮಾರುವವನು. "ಇದನ್ನು ಹಾಕಿದರೆ ಇರುವೆಯೂ ನುಸುಳಲ್ಲ ಸಾರ್" ಎಂದು ದಿನವಿಡೀ ಗಿರಾಕಿಗಳ ತಲೆ ತಿಂದು ಮನೆಗೆ ಬಂದರೆ, ಅಲ್ಲಿ ಒಂದು ಬಾಗಿಲಿಗೂ ಚಿಲಕವಿಲ್ಲ. ಸ್ನಾನದ ಮನೆಯ ಬಾಗಿಲ ಮೇಲೆ ಟವೆಲ್ ನೇತಾಡುತ್ತಿದ್ದರೆ ಒಳಗೆ ಜನ ಇದ್ದಾರೆ ಎಂದರ್ಥ. ಟವೆಲ್ ಮರೆತು ನಾನು ಎಷ್ಟು ಸಲ ಮಾನ ಕಳೆದುಕೊಂಡಿದ್ದೇನೆ ಎಂಬುದನ್ನು ಚಿಕ್ಕಮ್ಮ ಬಂದವರಿಗೆಲ್ಲ ಹೇಳುತ್ತಾಳೆ.

ಚಿಲಕಗಳನ್ನು ಕೀಳಿಸಿದವಳು ಅಜ್ಜಿ, ನನ್ನ ತಾಯಿಯ ತಾಯಿ. ನಮ್ಮೂರಿನಲ್ಲಿ ಅವಳ ವಯಸ್ಸಿನವರು ಯಾರೂ "ಬಾಗಿಲು ಹಾಕು" ಎನ್ನುವುದಿಲ್ಲ. "ಬಾಗಿಲು ಓರೆ ಮಾಡು" ಎನ್ನುತ್ತಾರೆ. ಚಳಿಯಿರಲಿ, ನೆಂಟರಿರಲಿ, ಒಂದು ಕೈ ತೂರುವಷ್ಟು ಸಂದಿ ಬಿಡಲೇಬೇಕು. ಯುದ್ಧದ ಕಾಲದಲ್ಲಿ ಒಂದು ಮಧ್ಯಾಹ್ನ ವಿಮಾನಗಳು ಬಂದು ಊರಿನ ಮೇಲೆ ಬಾಂಬು ಹಾಕಿದವು. ಗೋಡೆಗಳು ಕುಸಿಯುವ ಮೊದಲು ಚೌಕಟ್ಟುಗಳು ಜಗ್ಗಿದವು. ಚಿಲಕ ಹಾಕಿದ್ದ ಬಾಗಿಲುಗಳು ಕಚ್ಚಿಕೊಂಡವು, ಓರೆಯಾಗಿದ್ದವು ತೆರೆದವು. ಊರು ಕಲಿತ ಪಾಠ ಅಷ್ಟೇ, ಆದರೆ ಅದನ್ನು ಮರೆತಿಲ್ಲ.

ಅಜ್ಜಿ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಅಲ್ಲಿ ಯಂತ್ರಗಳ ಸದ್ದಿಗೆ ಎಲ್ಲರೂ ಅರಚಿ ಮಾತಾಡಿದರೆ ಇವಳು ಮಾತ್ರ ಎದ್ದುಹೋಗಿ ಕಿವಿಯ ಹತ್ತಿರ ಹೇಳಿ ಬರುತ್ತಿದ್ದಳಂತೆ. ಹಾಗಾಗಿ ಅವಳ ಹೆಸರು "ಗುಸುಗುಸು". ಮೂರು ಮಕ್ಕಳನ್ನು ಹೆತ್ತಳು, ಗಂಡನನ್ನು ಕಳೆದುಕೊಂಡಳು, ಸೊಸೆಯ ಜೊತೆ ವರ್ಷಗಟ್ಟಲೆ ಜಗಳವಾಡಿದಳು, ಎಲ್ಲವೂ ಪಿಸುದನಿಯಲ್ಲೇ. "ಅತ್ತೆ ಬೈದದ್ದು ಅರ್ಥ ಆಗೋಕೆ ಹತ್ತಿರ ಹೋಗ್ಬೇಕು, ಹತ್ತಿರ ಹೋದ್ರೆ ಇನ್ನೆರಡು ಬೈಗುಳ ಜಾಸ್ತಿ" ಎಂದು ಆ ಸೊಸೆಯೇ ಈಗ ನಗುತ್ತಾಳೆ.

ಆ ದನಿಯ ಕಾರಣ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಸಲದ ಆಹ್ವಾನ ಬಂದಾಗ ಗೊತ್ತಾಯಿತು. ದಾಳಿಯನ್ನು ಕಂಡು ಬದುಕಿದವರನ್ನು ನಗರಸಭೆ ಪ್ರತಿವರ್ಷ ಸನ್ಮಾನಿಸುತ್ತದೆ. ಅಜ್ಜಿ ಯಾವತ್ತೂ ಹೋದವಳಲ್ಲ. ಈ ಸಲ ಅವತ್ತು ಜನರನ್ನು ಉಳಿಸಿದ ಹಳೆಯ ಬಡಗಿಯೊಬ್ಬ ಪರವೂರಿನಿಂದ ಬರುತ್ತಾನೆ ಎಂದು ಓದಿ ಹೇಳಿದೆ. ಅವಳು ಹೊಲಿಗೆ ಕೆಳಗಿಟ್ಟಳು.

"ಹೋಗೋಣ. ಅವನನ್ನ ಒಂದು ಮಾತು ಕೇಳ್ಬೇಕು."

ದಾಳಿಯ ದಿನ ಅವಳಿಗೆ ಒಂಬತ್ತು ವರ್ಷ, ತಂಗಿಗೆ ಆರು. ಅಮ್ಮ ಕೆಲಸಕ್ಕೆ ಹೋಗಿದ್ದಳು. ಇಬ್ಬರೂ ನಿನ್ನ ಮನೆ ನನ್ನ ಮನೆ ಆಟ ಆಡುತ್ತ, ಎದುರುಬದುರಿದ್ದ ಎರಡು ಕೋಣೆಗಳಲ್ಲಿ ಚಿಲಕ ಹಾಕಿಕೊಂಡಿದ್ದರು. ಬಾಂಬು ಬಿತ್ತು, ಎರಡೂ ಬಾಗಿಲು ಕಚ್ಚಿಕೊಂಡವು. ಅಜ್ಜಿ ಗಂಟಲು ಹರಿಯುವಂತೆ ಕಿರುಚಿದಳು. ಎದುರು ಕೋಣೆಯಿಂದ "ಅಕ್ಕಾ" ಎಂಬ ಸಣ್ಣ ದನಿ ಬರುತ್ತಿತ್ತು. ಹಾರೆ ಹಿಡಿದು ಮನೆಮನೆ ನುಗ್ಗುತ್ತಿದ್ದ ಹರೆಯದ ಬಡಗಿ ಇವಳ ಬಾಗಿಲು ಮೀಟಿದ, ಎತ್ತಿ ಬೀದಿಗೆ ಬಿಟ್ಟ, ತಿರುಗಿ ಓಡಿದ. ಅಷ್ಟರಲ್ಲಿ ಸೂರು ಕುಸಿಯಿತು.

"ನಾನು ಜೋರಾಗಿ ಕಿರುಚಿದೆ, ಅದಕ್ಕೆ ನನ್ ಹತ್ರ ಬಂದ. ನಾನು ಬಾಯಿ ಮುಚ್ಚಿಕೊಂಡಿದ್ರೆ ಅವಳ ದನಿ ಕೇಳಿಸ್ತಿತ್ತು" ಎಂದಳು ಅಜ್ಜಿ.

ಮಾತು ಮಾರಿಯೇ ಹೊಟ್ಟೆ ಹೊರೆಯುವವನು ನಾನು. ಅವತ್ತು ನನ್ನ ಬಾಯಿಂದ ಬಂದದ್ದು "ಚಹಾ ಮಾಡ್ಲಾ?" ಎಂಬ ಎರಡೇ ಪದ.

ಸಭಾಂಗಣದಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕುರ್ಚಿ ಬದಲಿಸಿದಳು, ಮತ್ತೆ ಬದಲಿಸಿದಳು, ಬಡಗಿ ಯಾರು ಯಾರು ಎಂದು ನನ್ನ ತೋಳು ಚಿವುಟಿದಳು. ವೇದಿಕೆಯ ಮೇಲೆ ಅಧ್ಯಕ್ಷರು ಮೌನಾಚರಣೆಗೆ ಕರೆಕೊಟ್ಟರು. ಬೀದಿಯ ಗದ್ದಲ ಒಳಗೆ ಬರದಿರಲೆಂದು ಯಾರೋ ಉತ್ಸಾಹಿ ದೊಡ್ಡ ಬಾಗಿಲು ಎಳೆದು ಚಿಲಕ ಜಡಿದ. ಬೇಡ ಅನ್ನಬೇಕಿದ್ದ ನಾನು ಅದು ಯಾವ ಕಂಪನಿಯ ಚಿಲಕ ಎಂದು ನೋಡುತ್ತಿದ್ದೆ.

ಠಕ್ ಎಂದ ಕೂಡಲೇ ಮುಂದಿನ ಎರಡು ಸಾಲಿನ ಮುದುಕ ಮುದುಕಿಯರೆಲ್ಲ ಒಟ್ಟಿಗೆ ಎದ್ದರು. ಗೌರವಕ್ಕೆ ಎದ್ದರೆಂದು ಇಡೀ ಸಭೆ ಎದ್ದಿತು. ಅವರು ಊರುಗೋಲು ಕುಟ್ಟುತ್ತ ಬಾಗಿಲ ಕಡೆ ಹೊರಟರು. ಇದೂ ಕಾರ್ಯಕ್ರಮದ ಭಾಗವೆಂದು ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಮೊದಲು ಬಾಗಿಲು ಮುಟ್ಟಿದವನು ಕೋಲಿನಂತಹ ಒಬ್ಬ ಮುದುಕ. ಚಿಲಕ ಸರಿಸಿ, "ಓರೆ ಮಾಡ್ರೋ, ಬುದ್ಧಿಗೆಟ್ಟವ್ರಾ!" ಎಂದು ಗದರಿದ.

"ಅವನೇ" ಎಂದಳು ಅಜ್ಜಿ.

ಹೊರಗಿನ ಮೆಟ್ಟಿಲ ಮೇಲೆ ಅವನನ್ನು ಹಿಡಿದಳು. ಯಾವ ಬೀದಿ, ಯಾವ ಮನೆ ಎಂದು ಹೇಳಿದಳು. ಅವನು ತಲೆಯಾಡಿಸಿದ.

"ನನ್ನ ಬಾಗಿಲೇ ಯಾಕೆ ಮೊದಲು ತೆಗೆದ್ರಿ? ನಾನು ಕಿರುಚಿದೆ ಅಂತಾನಾ?"

"ಕಿರುಚಿದ್ರಾ?" ಎಂದ ಮುದುಕ. "ನಂಗೇನೂ ಕೇಳಿಸ್ಲಿಲ್ಲ ತಾಯಿ. ಮೊದಲನೇ ಬಾಂಬು ಬಿದ್ದದ್ದು ನನ್ ಪಕ್ಕದಲ್ಲೇ. ಅವತ್ತಿಡೀ ಕಿವಿ ಹೋಗಿತ್ತು. ಬಾಗಿಲು ನೋಡಿ ತೆಗೀತಿದ್ದೆ. ನಿಮ್ಮದು ಉಬ್ಬಿತ್ತು, ಹಾರೆ ತೂರೋಷ್ಟು ಸಂದಿ ಇತ್ತು. ಎದುರಿನದಕ್ಕೆ ಇರ್ಲಿಲ್ಲ. ಒಳಗೆ ಯಾರಿದ್ದಾರೋ ಇಲ್ವೋ ಅದೂ ಗೊತ್ತಿರ್ಲಿಲ್ಲ."

"ಹಾಗಾದ್ರೆ ನಾನು ಅಷ್ಟು ಅರಚಿದ್ದು ದಂಡ" ಎಂದಳು.

"ದಂಡವೇ" ಎಂದ ಅವನು, ತಪ್ಪು ಮಾಡಿದವನಂತೆ.

ಬಸ್ ನಿಲ್ದಾಣದವರೆಗೆ ಅವಳು ಎಷ್ಟು ಬೇಗ ನಡೆದಳೆಂದರೆ ನಾನು ಏದುಸಿರು ಬಿಟ್ಟೆ. ಬೆಂಚಿನಲ್ಲಿ ಕೂತಳು, ಎದ್ದಳು.

"ನಿಜ ಹೇಳಿದ್ನೋ, ನನ್ ಸಮಾಧಾನಕ್ಕೆ ಹೇಳಿದ್ನೋ?"

"ನಿಜಾನೇ ಅಜ್ಜಿ."

"ನೀನು ತುಕ್ಕು ಹಿಡಿದ ಬೀಗಕ್ಕೂ ಗ್ಯಾರಂಟಿ ಕೊಡೋನು, ಸುಮ್ನಿರು." ಮತ್ತೆ ಕೂತಳು. "ಕೇಳಿದ ತಕ್ಷಣ ಹೇಳಿಬಿಟ್ಟ ನೋಡು. ಉಬ್ಬಿದ್ದು, ಸಂದಿ, ಎದುರಿನ ಬಾಗಿಲು. ಒಂಚೂರೂ ನೆನಪು ಮಾಡಿಕೊಳ್ಳಲಿಲ್ಲ. ಅಂದ್ರೆ ದಿನಾ ನೆನೀತಾನೆ. ಯಾವ ಬಾಗಿಲು ಮೊದಲು ತೆಗೀಬೇಕಿತ್ತು ಅಂತ ಅವನೂ ಕೇಳಿಕೊಂಡೇ ಮುದುಕ ಆಗಿದ್ದಾನೆ ಕಣೋ."

ನಮ್ಮ ಬಸ್ಸು ಬಂತು. ಅವಳು ಹತ್ತಲಿಲ್ಲ. ಸೆರಗು ಬಿಗಿದು ಬಂದ ದಾರಿಯಲ್ಲೇ ಹೊರಟಳು.

ಬಡಗಿ ಅಳಿಯನ ಗಾಡಿಗೆ ಕಾಯುತ್ತ ಇನ್ನೂ ಮೆಟ್ಟಿಲ ಮೇಲೆ ಕೂತಿದ್ದ, ಸನ್ಮಾನದ ಫಲಕವನ್ನು ಕುಂಡಿಯ ಕೆಳಗೆ ಹಾಕಿಕೊಂಡು. ಅಜ್ಜಿ ಅವನ ಪಕ್ಕ ಕೂತಳು.

"ನೀವು ತೆಗೆದ ಬಾಗಿಲಿನಿಂದ ಬಂದವಳು ಏನಾದ್ಲು ಅಂತ ಹೇಳ್ತೀನಿ, ಕೇಳಿ. ಬಟ್ಟೆ ಕಾರ್ಖಾನೆ ಸೇರಿದೆ. ಈ ಊರಿನ ಅರ್ಧ ಗಂಡಸರ ಅಂಗಿಗೆ ನಂದೇ ಕಾಜಾ. ಮೂರು ಮಕ್ಕಳು. ದೊಡ್ಡವಳು ನರ್ಸು. ಇವನು ಅವಳ ಮಗ, ಕೆಲಸಕ್ಕೆ ಬಾರದವನು, ಆದ್ರೆ ಜೊತೆಗೆ ಬಂದ."

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ, ಮಾಡಿಸಿದ ಮಾಲು ಕೈಗೆ ಬಂದಾಗ ನೋಡುವ ಹಾಗೆ. ಅಳಿಯ ಗಾಡಿ ತಂದು ಹಾರನ್ ಒತ್ತಿದ. ಮುದುಕ ತಡಿ ಎಂಬಂತೆ ಕೈ ಎತ್ತಿ, ಅಜ್ಜಿಯ ಕಡೆ ತಿರುಗಿದ.

"ಎರಡನೇ ಮಗು?" ಎಂದ.