ನಿಂತ ನೀರು ಚೆಲ್ಲುವ ಸಾಹೇಬ

ಚಳಿಜ್ವರದ ಕಾಲದಲ್ಲಿ ಸಿರುಗುಪ್ಪದ ಮನೆಮನೆ ಹೊಕ್ಕು, ನಿಂತ ನೀರು ಕಂಡಲ್ಲಿ ಚೆಲ್ಲಿಸುವುದು ನನ್ನ ನೌಕರಿ. ತಲೆಗೊಂದು ಖಾಕಿ ಟೋಪಿ ಇತ್ತು, ಅದಕ್ಕೆ ತಕ್ಕ ಗತ್ತೂ ಇತ್ತು.

ಒಂದು ಮನೆಯ ಹಿತ್ತಲಲ್ಲಿ, ಮಾಳಿಗೆಯ ನೀರು ಬೀಳುವ ಕಡೆ, ಮುದುಕಿಯೊಬ್ಬಳು ಬಾನಿ, ಹರವಿ, ಹಂಡೆ ಸಾಲಾಗಿಟ್ಟು ಮಳೆನೀರು ತುಂಬಿಸಿದ್ದಳು. ಬಗ್ಗಿ ನೋಡಿದರೆ ಸೊಳ್ಳೆಹುಳಗಳು ಕುಣಿಯುತ್ತಿದ್ದವು.

"ಯವ್ವಾ, ಇದನ್ನೆಲ್ಲ ಈಗಿಂದೀಗ ಚೆಲ್ಲಬೇಕು. ಸರ್ಕಾರದ ಹುಕುಂ ಐತಿ."

"ಗಿಡಕ್ಕಂತ ಹಿಡಿದಿಟ್ಟೀನಿ ಯಪ್ಪಾ. ಬಾವಿ ನೀರು ಸವಳು, ಹಾಕಿದ್ರ ಸಾಯ್ತಾವ."

"ಹುಕುಂ ಅಂದ್ರ ಹುಕುಂ!"

ಮುದುಕಿ ಸೊಂಟ ಹಿಡಿದು ನರಳಿದಳು. "ಹಂಗಾರ ನೀವ ಚೆಲ್ರಿ. ನನ್ನ ನಡಾ ಹಿಡದೈತಿ."

ನಾನು ತೋಳೇರಿಸಿ ಬಾನಿಯಲ್ಲಿ ಕೊಡ ಅದ್ದಿದೆ.

"ಅಲ್ಲಿ ಬ್ಯಾಡ್ರಿ, ರಾಡಿ ಆಗ್ತೈತಿ. ಆ ಮಲ್ಲಿಗಿ ಬುಡಕ್ಕ ಚೆಲ್ರಿ. ಹರವ್ಯಾಗಿಂದು ಕರಿಬೇವಿಗೆ. ಸಾವಕಾಶ್ರಿ, ಬೇರು ಎದ್ದಾವು!"

ಹಂಡೆಯ ಕೊನೆಯ ಕೊಡವನ್ನು ಬದನೆ ಮಡಿಗೆ ಸುರಿದು ಬೆವರು ಒರೆಸಿಕೊಳ್ಳುವಾಗಲೇ ನನಗೆ ಹೊಳೆದದ್ದು, ಇಡೀ ಹಿತ್ತಲಿಗೆ ನೀರುಣಿಸಿದವನು ನಾನೇ ಎಂದು. ಮುದುಕಿ ಮಾತ್ರ ನಡ ನೆಟ್ಟಗೆ ಮಾಡಿಕೊಂಡು ಲಗುಲಗು ಹೋಗಿ ಮಜ್ಜಿಗೆ ತಂದಳು.

ಮುಂದಿನ ಮಳೆ ಹೋಗಿ ಬಿಸಿಲು ಬಿದ್ದದ್ದೇ ತಡ, ಆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ಕರೆಯತೊಡಗಿದರು: "ಸಾಹೇಬ್ರ, ನಮ್ಮಲ್ಲೂ ಹುಳ ಬಿದ್ದಾವ್ರಿ! ಜಲ್ದಿ ಬರ್ರಿ, ಬದನಿ ಬಾಡಾಕ ಹತ್ತ್ಯಾವ!"

ಮೇಲಿನವರಿಗೆ ಬಹಳ ಖುಷಿಯಾಯಿತು. ಜನ ತಾವಾಗಿ ಮನೆಗೆ ಕರೆಯುವ ಸೊಳ್ಳೆ ಸಾಹೇಬ ಇಡೀ ಬಳ್ಳಾರಿ ಜಿಲ್ಲೆಗೆ ನಾನೊಬ್ಬನೇ ಆಗಿದ್ದೆ.