ವಾಸು ಮಾಮನ ಪಿಯಾನೊ

ನುಸಿಗುಳಿಗೆಯ ವಾಸನೆ ಎಲ್ಲಿ ಬಂದರೂ ನಿಮಗೆ ಸೀರೆಯ ಪೆಟ್ಟಿಗೆ ನೆನಪಾದೀತು. ನನಗೆ ಚೆಂಬೂರಿನ ನಮ್ಮ ಹಳೆಯ ಮನೆಯ ಗೋಡೆಗೊರಗಿ ನಿಂತಿದ್ದ ಪಿಯಾನೊ ನೆನಪಾಗುತ್ತದೆ. ಒಳಗಿನ ಉಣ್ಣೆ ಬಟ್ಟೆಗೆ ಹುಳ ಹತ್ತಬಾರದೆಂದು ವಾಸು ಮಾಮ ಅದರ ಹೊಟ್ಟೆಯೊಳಗೆ ಗುಳಿಗೆಗಳನ್ನು ಕಟ್ಟಿಡುತ್ತಿದ್ದರು. ಮಾಮ ಎಂದರೆ ಅಮ್ಮನ ತಮ್ಮ. ಉಡುಪಿಯಿಂದ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರಲೆಂದು ಬಂದವರು, ಕೆಳಗಿನ ಮನೆಯ ಗೋವಾದ ಅಜ್ಜಿಯೊಬ್ಬರ ಬಳಿ ಪಿಯಾನೊ ಕಲಿತು, ಚರ್ಚ್‌ಗೇಟಿನ ದೊಡ್ಡ ಹೋಟೆಲೊಂದರ ಜಾಝ್ ಬ್ಯಾಂಡ್ ಸೇರಿಬಿಟ್ಟರು. ಆ ಅಜ್ಜಿ ಊರಿಗೆ ಮರಳುವಾಗ ಪಿಯಾನೊವನ್ನು ಮಾಮನಿಗೇ ಬಿಟ್ಟುಹೋದರು.

"ಕುಡಿಯುವವರ ಎದುರು ಬಾರಿಸುವುದೂ ಒಂದು ಕೆಲಸವಾ, ವಾಸು?" ಎಂದು ಅಪ್ಪ ಕೇಳಿದ್ದರಂತೆ.

"ಅವರು ಕೇಳುವುದೇ ಇಲ್ಲ ಭಾವ, ಮಾತಾಡುತ್ತಿರುತ್ತಾರೆ. ಹಾಗಾಗಿ ನಮಗೆ ಬೇಕಾದ ಹಾಗೆ ಬಾರಿಸಬಹುದು."

ಬೆಳಿಗ್ಗೆ ಅಮ್ಮ ದೋಸೆ ಹೊಯ್ಯುವಾಗ ಮಾಮ ಮೆಲ್ಲಗೆ ಬಾರಿಸುತ್ತಿದ್ದರು. ಕಾವಲಿಯ ಚುಂಯ್ ಸದ್ದು, ಕೆಳಗೆ ಬಸ್ಸಿನ ಹಾರ್ನು, ಅದರ ನಡುವೆ ದಿನವೂ ಅದೇ ಒಂದು ಧಾಟಿ. ಆದರೆ ದಿನವೂ ಬೇರೆ ದಾರಿ ಹಿಡಿದು ಎಲ್ಲಿಗೋ ಹೋಗಿ ಬರುತ್ತಿತ್ತು. "ನಿನ್ನೆ ಹೀಗಿರಲಿಲ್ಲವಲ್ಲ ಮಾಮ?" ಎಂದರೆ, "ನಿನ್ನೆಯದು ನಿನ್ನೆಗೆ ಆಯಿತಲ್ಲ ಮಗಾ" ಎನ್ನುತ್ತಿದ್ದರು. ಆಮೇಲೆ ಹೋಟೆಲಿನವರು ಬ್ಯಾಂಡ್ ನಿಲ್ಲಿಸಿ ಕ್ಯಾಸೆಟ್ ಹಾಕಿದರು. ಮಾಮ ಸಿನಿಮಾ ಹಾಡುಗಳ ರೆಕಾರ್ಡಿಂಗಿಗೆ ಹೋದರು. ಅಲ್ಲಿಗೂ ವಾದ್ಯಗಳ ಬದಲು ಮೆಷಿನ್ ಬಂದಮೇಲೆ ಮದುವೆ ರಿಸೆಪ್ಷನ್‌ಗಳಿಗೆ ಹೋದರು. ನಾನು ಕಾಲೇಜಿನಲ್ಲಿದ್ದಾಗ ಪಕ್ಷವಾತ ಬಡಿದು ಅವರ ಬಲಗೈ ಎತ್ತಲಾಗದಂತೆ ಬಿದ್ದುಹೋಯಿತು.

ಕೆಲವು ತಿಂಗಳು ಪಿಯಾನೊ ಮುಚ್ಚಿಯೇ ಇತ್ತು. ಒಂದು ಭಾನುವಾರ ಮಾಮ ನನ್ನನ್ನು ಕರೆದು ಬಲಕ್ಕೆ ಕೂರಿಸಿಕೊಂಡು, "ನೀನು ಈ ಕೈ ಆಗು" ಎಂದರು. ಚಿಕ್ಕಂದಿನಲ್ಲಿ ಅವರೇ ಕಲಿಸಿದಷ್ಟೇ ನನಗೆ ಗೊತ್ತಿದ್ದದ್ದು. ನಾನು ತಡವರಿಸುತ್ತ ಧಾಟಿ ಹಿಡಿದೆ, ಅವರ ಎಡಗೈ ನನಗಾಗಿ ಕಾಯುತ್ತ ಕಾಯುತ್ತ ಜೊತೆಗೆ ಬಂತು. ತಿರುಗಿ ನೋಡಿದರೆ ಅಪ್ಪ ಬನಿಯನ್ನಿನಲ್ಲೇ ಬಾಗಿಲಲ್ಲಿ ನಿಂತಿದ್ದರು. ಅಷ್ಟು ವರ್ಷದಲ್ಲಿ ಮಾಮ ಬಾರಿಸುವುದನ್ನು ಅವರು ನಿಂತು ಕೇಳಿದ್ದು ಅದೇ ಮೊದಲು. "ಇನ್ನೊಮ್ಮೆ ಬಾರಿಸಿ" ಎಂದರು. ಅಪ್ಪ ಇರುವ ತನಕ ಪ್ರತಿ ಭಾನುವಾರ ಬಾರಿಸಿದೆವು.

ಅಪ್ಪ ಅಮ್ಮ ಹೋದಮೇಲೆ ಬಿಲ್ಡಿಂಗ್ ಕೆಡವಿ ಟವರ್ ಕಟ್ಟುವ ರೀಡೆವಲಪ್‌ಮೆಂಟಿಗೆ ಬಂತು. ಖಾಲಿ ಮಾಡಬೇಕಾಯಿತು. ಪಿಯಾನೊ ಯಾರಿಗೂ ಬೇಡವಾಗಿತ್ತು. ಧಾರಾವಿಯಿಂದ ಬಂದ ಗುಜರಿಯವರು ಮೆಟ್ಟಿಲಲ್ಲಿ ಇಳಿಸುವ ತಾಪತ್ರಯವೇ ಬೇಡವೆಂದು ಮನೆಯೊಳಗೇ ಒಡೆದರು. ತಂತಿ ಕತ್ತರಿಸಿದಾಗೆಲ್ಲ ಅದು ಒಂದೊಂದು ಸ್ವರದಲ್ಲಿ ಕೂಗಿತು. ಮಾಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಶ್ರುತಿ ಇಳಿದಿತ್ತು, ಕೇಳಿದೆಯಾ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, ಚಹಾ ಮಾಡು ಎಂದರು. ಮಾಡಿದೆ.

ಹೊಸ ಟವರಿನಲ್ಲಿ ಕೀಬೋರ್ಡ್ ತರುತ್ತೇನೆಂದರೆ ಬೇಡವೆಂದರು. ಕಳೆದ ವರ್ಷ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಯಾರದೋ ಮನೆಯ ಕೆಲಸದಂತೆ ಎಲ್ಲ ಮುಗಿಸಿದೆ. ಎದುರು ಫ್ಲ್ಯಾಟಿನ ಹೆಂಗಸು ಬಂದು, ಅಂಕಲ್ ಉಡುಪಿಯವರಲ್ಲವಾ, ಅವರ ಹೋಟೆಲ್ ಎಲ್ಲಿತ್ತು ಎಂದು ಹಿಂದಿಯಲ್ಲಿ ಕೇಳಿದಳು.

"ಹೋಟೆಲ್ ಇರಲಿಲ್ಲ. ಪಿಯಾನೊ ಬಾರಿಸುತ್ತಿದ್ದರು."

ಅವಳು ನಮ್ಮ ಬಿಳಿ ಗೋಡೆಗಳನ್ನು ಒಮ್ಮೆ ನೋಡಿದಳು.

"ಇಷ್ಟು ವರ್ಷ ಎದುರಿಗೇ ಇದ್ದೇವೆ," ಎಂದಳು, "ನಮಗೆ ಒಂದು ದಿನವೂ ಕೇಳಿಸಲಿಲ್ಲವಲ್ಲ."